ಗೃಹವೆಂಬ ವೀಕ್ಷಣಾಲಯ: ಶ್ವಾಸಾಂಗದ ಸೋಂಕು ಮತ್ತು ಮನೆಯ ಪರೀಕ್ಷೆಯ ಚಾರಿತ್ರಿಕ ಹಿನ್ನೆಲೆ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಗರವನ್ನೋ ಪ್ರಾಂತವನ್ನೋ ದೇಶವನ್ನೋ ಅಳತೆಯಾಗಿ ಇಟ್ಟುಕೊಳ್ಳುವರು. ಮರಣಗಳ ಪಟ್ಟಿ, ಸರ್ಕಾರದ ಆಜ್ಞೆಗಳು, ಆಸ್ಪತ್ರೆಗಳ ವರದಿಗಳು, ಇವೇ ಅವರಿಗೆ ದೊರೆಯುವ ಮುಖ್ಯ ಆಧಾರಗಳು. ಆದರೆ ಉಸಿರಿನ ಮೂಲಕ ಹರಡುವ ರೋಗವು ಊರಿನಿಂದ ಊರಿಗೆ ಹೋಗುವ ಮೊದಲು ಒಂದು ಸೂರಿನ ಕೆಳಗೆ ಒಬ್ಬರಿಂದ ಮತ್ತೊಬ್ಬರಿಗೆ ದಾಟುತ್ತದೆ. ಒಂದೇ ಕೋಣೆಯಲ್ಲಿ ಮಲಗುವ, ಒಂದೇ ಪಂಕ್ತಿಯಲ್ಲಿ ಉಣ್ಣುವ, ರೋಗಿಯ ಹಣೆಯನ್ನು ಮುಟ್ಟಿನೋಡುವ ಜನರ ನಡುವೆ ನಡೆಯುವ ಈ ವ್ಯಾಪಾರಕ್ಕೆ ಸರ್ಕಾರಿ ದಾಖಲೆಗಳಲ್ಲಿ ಸ್ಥಳ ದೊರೆತಿರುವುದು ಬಹಳ ಕಡಮೆ.

2020ರಿಂದ ಈಚೆಗೆ ಮನೆಯಲ್ಲಿಯೇ ಮೂಗಿನ ದ್ರವವನ್ನು ತೆಗೆದು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಫಲಿತಾಂಶವನ್ನು ತಿಳಿಯುವ ಪಟ್ಟಿಗಳು ಬಳಕೆಗೆ ಬಂದವು. ಇದನ್ನು ಹೊಚ್ಚಹೊಸ ಸಂಗತಿಯೆಂದು ಭಾವಿಸುವವರು ಅನೇಕರು. ಸಾಧನವು ಈ ರೋಗಕ್ಕೆ ಹೊಸದು, ನಿಜ. ಆದರೆ ಅದು ಉತ್ತರಿಸಲು ಹೊರಟ ಪ್ರಶ್ನೆ ಹಳೆಯದು: ಮನೆಯೊಳಕ್ಕೆ ರೋಗವನ್ನು ತಂದವರು ಯಾರು, ಅದು ಯಾರಿಗೆ, ಯಾವಾಗ ದಾಟಿತು? ಈ ಪ್ರಶ್ನೆಯನ್ನು ಕೇಳಿದ ರೀತಿಯು ಕಾಲಕಾಲಕ್ಕೆ ಹೇಗೆ ಬದಲಾಯಿತು, ಮನೆಯನ್ನು ನೋಡುವ ಕಣ್ಣು ಯಾರಿಂದ ಯಾರ ಕೈಗೆ ಬಂದಿತು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ಇದು ವೈದ್ಯಶಾಸ್ತ್ರದ ಲೇಖನವಲ್ಲ. ರೋಗದ ಅಂಕಿಸಂಖ್ಯೆಗಳನ್ನು ಚರಿತ್ರಕಾರನು ಆಧಾರಗಳಾಗಿ ಹೇಗೆ ಓದಬೇಕೆಂಬುದೇ ಇಲ್ಲಿನ ಮುಖ್ಯ ವಿಷಯ.

1. ಮನೆ ಒಂದು ಅಳತೆಯಾದ ಬಗೆ

ಈ ಚರಿತ್ರೆಯನ್ನು 1846ರಿಂದ ಆರಂಭಿಸಬಹುದು. ಆ ವರ್ಷದ ಮಾರ್ಚಿ ತಿಂಗಳ ಕೊನೆಯಲ್ಲಿ ಕೋಪನ್‌ಹೇಗನ್ನಿನಿಂದ ಬಂದ ಒಬ್ಬ ಬಡಗಿಯ ಮೂಲಕ ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳನ್ನು ದಡಾರವು ಪ್ರವೇಶಿಸಿತು. 1781ರ ತರುವಾಯ ಅಲ್ಲಿಯವರು ಆ ರೋಗವನ್ನೇ ಕಂಡಿರಲಿಲ್ಲ. ಸುಮಾರು 7,800 ಜನರಲ್ಲಿ 6,000 ಮಂದಿ ಕಾಯಿಲೆ ಬಿದ್ದರು. ಡೆನ್ಮಾರ್ಕಿನ ಸರ್ಕಾರವು ಕಳುಹಿಸಿದ ವೈದ್ಯರಲ್ಲಿ ಪೀಟರ್ ಪಾನುಮ್ ಎಂಬಾತನಿಗೆ ಆಗ ಇಪ್ಪತ್ತೈದು ವರ್ಷ. ಅವನು ಹಳ್ಳಿಯಿಂದ ಹಳ್ಳಿಗೆ ಹೋಗಿ, ಮನೆಯಲ್ಲಿ ಮೊದಲು ಯಾರಿಗೆ ಯಾವ ದಿನ ಗುಳ್ಳೆಗಳು ಎದ್ದುವು, ಉಳಿದವರಿಗೆ ಯಾವ ದಿನ ಎದ್ದುವು ಎಂದು ವಿಚಾರಿಸಿದನು. ಮೊದಲನೆಯವರಿಗೂ ಉಳಿದವರಿಗೂ ನಡುವೆ ಸುಮಾರು ಹದಿಮೂರು ಹದಿನಾಲ್ಕು ದಿನಗಳ ಅಂತರವಿರುವುದು ಮತ್ತೆ ಮತ್ತೆ ಕಂಡುಬಂದಿತು. 1781ರಲ್ಲಿ ದಡಾರ ಬಂದಿದ್ದ ಮುದುಕರಿಗೆ ರೋಗವು ತಿರುಗಿ ತಗಲಲಿಲ್ಲ. ಸೂಕ್ಷ್ಮದರ್ಶಕವಾಗಲಿ ಪ್ರಯೋಗಶಾಲೆಯಾಗಲಿ ಇಲ್ಲದೆ, ಮನೆಯವರ ನೆನಪು ಮತ್ತು ಪಂಚಾಂಗ ಇವೆರಡರಿಂದಲೇ ಇಷ್ಟು ತಿಳಿವಳಿಕೆ ದೊರೆಯಿತೆಂಬುದು ಗಮನಾರ್ಹವಾದುದು.

ಪಾನುಮನು ದಿನಗಳನ್ನು ಎಣಿಸಿದನು. ಜನರನ್ನು ಎಣಿಸುವ ಕ್ರಮವನ್ನು ಬಳಕೆಗೆ ತಂದ ಕೀರ್ತಿ ಅಮೆರಿಕದ ಚಾರ್ಲ್ಸ್ ಚಾಪಿನ್‌ಗೆ ಸಲ್ಲುತ್ತದೆ. 1884ರಲ್ಲಿ ಪ್ರಾವಿಡೆನ್ಸ್ ನಗರದ ಆರೋಗ್ಯಾಧಿಕಾರಿಯಾದ ಇವರು ಗಂಟಲುಮಾರಿ ಮತ್ತು ಸ್ಕಾರ್ಲೆಟ್ ಜ್ವರಗಳು ಕಾಣಿಸಿಕೊಂಡ ಕುಟುಂಬಗಳ ಪಟ್ಟಿಗಳನ್ನು ವರ್ಷವರ್ಷವೂ ಇಟ್ಟುಕೊಂಡು ಬಂದರು. ಮೊದಲ ರೋಗಿಯನ್ನು ಲೆಕ್ಕದಿಂದ ಬಿಟ್ಟು, ಮನೆಯ ಉಳಿದವರಲ್ಲಿ ನೂರಕ್ಕೆ ಎಷ್ಟು ಮಂದಿಗೆ ರೋಗ ತಗಲಿತು ಎಂದು ಕೇಳುವುದು ಅವರ ಕ್ರಮ. ಇದನ್ನು ನಾವು ದ್ವಿತೀಯ ಸೋಂಕಿನ ಪ್ರಮಾಣ ಎನ್ನಬಹುದು. ಇಂದಿಗೂ ಮನೆಯೊಳಗಿನ ಸೋಂಕನ್ನು ಅಳೆಯುವ ಮೂಲಮಾನ ಇದೇ ಆಗಿದೆ. ಸೋಂಕು ವಸ್ತುಗಳಿಂದಲೂ ಹೊಲಸಿನಿಂದಲೂ ಬರುವುದಕ್ಕಿಂತ ಹೆಚ್ಚಾಗಿ ವ್ಯಕ್ತಿಗಳಿಂದ ಬರುತ್ತದೆಂದೂ, ಆ ವ್ಯಕ್ತಿಗಳಲ್ಲಿ ಅನೇಕರು ನೋಡಲು ಆರೋಗ್ಯವಂತರೇ ಆಗಿರುವರೆಂದೂ ಚಾಪಿನ್ 1910ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಾದಿಸಿದರು.

1918ರ ಇನ್‌ಫ್ಲುಯೆಂಜಾ ಮಹಾಮಾರಿಯು ಈ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿತು. ವೈದ್ಯರು ಕಂಡ ರೋಗಿಗಳ ಲೆಕ್ಕದಿಂದ ನಿಜಸ್ಥಿತಿ ತಿಳಿಯದೆಂದು ಅರಿತ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಮನೆಮನೆಯ ವಿಚಾರಣೆಯನ್ನು ನಡೆಸಿತು. ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಮತ್ತು ಎಡ್ಗರ್ ಸೈಡನ್‌ಸ್ಟ್ರಿಕರ್ ಇವರ ನೇತೃತ್ವದಲ್ಲಿ ಬಾಲ್ಟಿಮೋರ್ ಮೊದಲಾದ ಸ್ಥಳಗಳಲ್ಲಿ ಲಕ್ಷಕ್ಕೂ ಮಿಕ್ಕ ಜನರ ವಿವರಗಳು ಸಂಗ್ರಹವಾದವು. ಎಣಿಕೆದಾರರು ಮನೆಯ ಸ್ಥಿತಿಯನ್ನು ನೋಡಿ ಅನುಕೂಲಸ್ಥರು, ಮಧ್ಯಮರು, ಬಡವರು, ಕಡುಬಡವರು ಎಂದು ಗುರುತು ಹಾಕಿಕೊಂಡಿದ್ದರು. ಈ ಗುರುತುಗಳನ್ನು ಆಧರಿಸಿ ಸೈಡನ್‌ಸ್ಟ್ರಿಕರ್ 1931ರಲ್ಲಿ ಪ್ರಕಟಿಸಿದ ಲೇಖನವು, ಆ ರೋಗವು ಬಡವ ಬಲ್ಲಿದರನ್ನು ಸಮನಾಗಿ ಕಂಡಿತೆಂಬ ನಂಬಿಕೆಯನ್ನು ಅಲ್ಲಗಳೆಯಿತು. ಬಡತನ ಹೆಚ್ಚಿದಂತೆ ಕಾಯಿಲೆಯ ಪ್ರಮಾಣವೂ ಹೆಚ್ಚಿತ್ತು. ಮನೆಯ ಬಾಗಿಲನ್ನು ತಟ್ಟದೆ ಹೋಗಿದ್ದರೆ ಈ ಸತ್ಯವು ತಿಳಿಯುತ್ತಿರಲಿಲ್ಲ.

2. ತಾಯಂದಿರ ದಿನಚರಿ

ಅಲ್ಲಿಯವರೆಗೆ ಇನ್‌ಫ್ಲುಯೆಂಜಾಕ್ಕೆ ಕಾರಣವಾದ ಜೀವಿ ಯಾವುದೆಂಬುದೇ ನಿಶ್ಚಯವಾಗಿರಲಿಲ್ಲ. 1933ರಲ್ಲಿ ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನ ಸಂಸ್ಥೆಯ ವಿಲ್ಸನ್ ಸ್ಮಿತ್, ಕ್ರಿಸ್ಟೊಫರ್ ಆಂಡ್ರೂಸ್ ಮತ್ತು ಪ್ಯಾಟ್ರಿಕ್ ಲೇಡ್‌ಲಾ ಇವರು ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳಿಗೆ ಮನುಷ್ಯನ ರೋಗವನ್ನು ಅಂಟಿಸಿ, ಅದಕ್ಕೆ ಕಾರಣ ವೈರಸ್ ಎಂಬುದನ್ನು ತೋರಿಸಿಕೊಟ್ಟರು. ಇದಾದ ಮೇಲೆ ಮನೆಯೊಳಗಿನ ಕೆಮ್ಮು ನೆಗಡಿಗಳ ಅಭ್ಯಾಸಕ್ಕೆ ಹೊಸ ಶಕ್ತಿ ಬಂದಿತು.

ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಊರಿನಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಎಡ್ಗರ್ ಹೋಪ್-ಸಿಂಪ್ಸನ್ ತಮ್ಮ ರೋಗಿಗಳ ಮನೆಗಳನ್ನೇ ಸಂಶೋಧನೆಯ ಕ್ಷೇತ್ರವಾಗಿ ಮಾಡಿಕೊಂಡರು. 1952ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಮನೆಯೊಳಗೆ ರೋಗಿಯ ಸಂಪರ್ಕಕ್ಕೆ ಬಂದು, ಮೊದಲು ಆ ರೋಗ ಬಂದಿರದವರಲ್ಲಿ, ನೂರಕ್ಕೆ ಸುಮಾರು 76 ಮಂದಿಗೆ ದಡಾರವೂ, 61 ಮಂದಿಗೆ ಸೀತಾಳೆ ಸಿಡುಬೂ, 31 ಮಂದಿಗೆ ಮಂಗನಬಾವೂ ತಗಲುತ್ತಿದ್ದವು. ಈ ಮೂರೂ ಮೈಮೇಲೆ ಸ್ಪಷ್ಟ ಗುರುತನ್ನು ತೋರಿಸುವ ರೋಗಗಳು. ಆದುದರಿಂದಲೇ ಲೆಕ್ಕ ಸಾಧ್ಯವಾಯಿತೆಂಬುದನ್ನು ಮರೆಯಬಾರದು. ನೆಗಡಿಗೆ ಅಂಥ ಗುರುತಿಲ್ಲ.

ಗುರುತಿಲ್ಲದ ರೋಗಗಳನ್ನು ಹಿಡಿಯುವ ಪ್ರಯತ್ನವು ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ನಡೆಯಿತು. ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯದ ಜಾನ್ ಡಿಂಗಲ್ ಮತ್ತು ಅವರ ಸಹೋದ್ಯೋಗಿಗಳು 1948ರಿಂದ 1957ರವರೆಗೆ ಎಂಬತ್ತಕ್ಕೂ ಹೆಚ್ಚು ಕುಟುಂಬಗಳನ್ನು ಬಿಡದೆ ಗಮನಿಸಿದರು. ಮನೆಯ ಪ್ರತಿಯೊಬ್ಬರ ಆರೋಗ್ಯವನ್ನೂ ತಾಯಿಯು ದಿನದಿನವೂ ಒಂದು ಹಾಳೆಯಲ್ಲಿ ಬರೆದಿಡುವಳು. ವಾರಕ್ಕೊಮ್ಮೆ ಕಾರ್ಯಕರ್ತೆಯೊಬ್ಬಳು ಬಂದು ಅದನ್ನು ಪರಿಶೀಲಿಸುವಳು. ಹೀಗೆ ಕೂಡಿದ ಸುಮಾರು 25,000 ಕಾಯಿಲೆಗಳ ವಿವರವು 1964ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಶ್ವಾಸಾಂಗದ ಸಾಮಾನ್ಯ ಕಾಯಿಲೆಗಳು. ಮನೆಯೊಳಕ್ಕೆ ಅವನ್ನು ಹೆಚ್ಚಾಗಿ ತರುವವರು ಮಕ್ಕಳು. ಶಾಲೆಗೆ ಹೋಗುವ ಅಣ್ಣನೋ ಅಕ್ಕನೋ ಇರುವ ಮನೆಯಲ್ಲಿ ಕೈಗೂಸಿಗೂ ನೆಗಡಿ ಹೆಚ್ಚು. ತಂದೆಗಿಂತ ತಾಯಿಗೆ ಹೆಚ್ಚು. ಹೆತ್ತವರಿಗೆ ಇದು ಮೊದಲೇ ಗೊತ್ತಿದ್ದ ವಿಷಯವೆಂದು ಯಾರಾದರೂ ಹೇಳಬಹುದು. ಹೌದು, ಆದರೆ ಮನೆಯ ಆ ಜ್ಞಾನವು ಲೆಕ್ಕದ ರೂಪದಲ್ಲಿ ವಿಜ್ಞಾನದ ಸಭೆಗೆ ಬಂದದ್ದು ಇಲ್ಲಿಯೇ, ಮತ್ತು ಅದನ್ನು ಬರೆದವರು ತಾಯಂದಿರೇ.

ತಾಯಿಯ ಕಣ್ಣಿಗೂ ಒಂದು ಮಿತಿಯುಂಟು: ಲಕ್ಷಣವಿಲ್ಲದ ಸೋಂಕು ಅವಳಿಗೆ ಕಾಣದು. ಜಾನ್ ಫಾಕ್ಸ್ ಮೊದಲಾದವರು 1961ರಿಂದ ನ್ಯೂಯಾರ್ಕಿನಲ್ಲಿಯೂ 1965ರಿಂದ ಸಿಯಾಟಲಿನಲ್ಲಿಯೂ ನಡೆಸಿದ 'ವೈರಸ್ ವಾಚ್' ಎಂಬ ಅಭ್ಯಾಸಗಳಲ್ಲಿ, ಕಾಯಿಲೆ ಇರಲಿ ಇಲ್ಲದಿರಲಿ, ಕುಟುಂಬದವರಿಂದ ನಿಯತಕಾಲದಲ್ಲಿ ಮಾದರಿಗಳನ್ನು ಸಂಗ್ರಹಿಸಲಾಯಿತು. ಆರೋಗ್ಯವಾಗಿಯೇ ಓಡಾಡುತ್ತಿದ್ದವರಲ್ಲಿಯೂ ವೈರಸ್‌ಗಳು ಕಂಡುಬಂದವು. ಚಾಪಿನ್ ಊಹಿಸಿದ್ದುದು ಶ್ವಾಸಾಂಗದ ವೈರಸ್‌ಗಳ ವಿಷಯದಲ್ಲಿಯೂ ನಿಜವಾಯಿತು. ಆದರೆ ಮಾದರಿಯು ಪ್ರಯೋಗಶಾಲೆಗೆ ಹೋಗಿ ಫಲಿತಾಂಶ ಹೊರಬೀಳುವ ಹೊತ್ತಿಗೆ ಆ ಮನೆಯ ನೆಗಡಿ ಎಂದೋ ಮುಗಿದಿರುತ್ತಿತ್ತು. ಜ್ಞಾನವು ವಿದ್ವಾಂಸರಿಗೆ ದಕ್ಕಿತು, ಮನೆಯವರಿಗೆ ಒದಗಲಿಲ್ಲ.

3. ಸಾಧನವು ಮನೆಗೆ ಬಂದುದು

ಮನೆಯವರೇ ಮನೆಯಲ್ಲಿ ಪರೀಕ್ಷೆ ಮಾಡಿಕೊಳ್ಳಬಹುದೆಂಬ ಭಾವನೆ ರೂಢಿಗೆ ಬಂದದ್ದು ಗರ್ಭಪರೀಕ್ಷೆಯ ಮೂಲಕ. 1967ರಲ್ಲಿ ಆರ್ಗನಾನ್ ಎಂಬ ಔಷಧ ಕಂಪನಿಯಲ್ಲಿ ವಿನ್ಯಾಸಕಾರ್ತಿಯಾಗಿದ್ದ ಮಾರ್ಗರೆಟ್ ಕ್ರೇನ್, ಪ್ರಯೋಗಶಾಲೆಯ ಪರೀಕ್ಷೆಯೊಂದನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿ ಅಡಕಮಾಡಿದರು. ಸಾಮಾನ್ಯ ಸ್ತ್ರೀಯರು ಫಲಿತಾಂಶವನ್ನು ತಪ್ಪಾಗಿ ಓದಿಯಾರು, ವೈದ್ಯನ ಸಮ್ಮುಖವಿಲ್ಲದೆ ತಿಳಿದರೆ ಧೃತಿಗೆಟ್ಟಾರು ಎಂಬ ಆಕ್ಷೇಪಗಳು ಎದ್ದವು. ಅಮೆರಿಕದ ಅಂಗಡಿಗಳಲ್ಲಿ ಇಂಥ ಪರೀಕ್ಷೆಯು ದೊರೆತದ್ದು 1977ರ ಸುಮಾರಿಗೆ. 1988ರಲ್ಲಿ ಕಾಗದದ ಪಟ್ಟಿಯ ಮೇಲೆ ಗೆರೆ ಮೂಡುವ ಸುಲಭ ರೂಪವು ಮಾರುಕಟ್ಟೆಗೆ ಬಂದಿತು. ಸೋಂಕಿನ ಪಟ್ಟಿಯೂ ಇದೇ ತತ್ತ್ವದಂತೆ ಕೆಲಸ ಮಾಡುತ್ತದೆ. ದ್ರವವು ಪಟ್ಟಿಯ ಉದ್ದಕ್ಕೂ ಹೀರಿಕೊಂಡು ಹರಿಯುವಾಗ, ಬಣ್ಣದ ಕಣಗಳನ್ನು ಹೊತ್ತ ಪ್ರತಿಕಾಯಗಳು ವೈರಸ್ಸಿನ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಪಟ್ಟಿಯ ನಿಗದಿಯಾದ ಸ್ಥಳದಲ್ಲಿ ನೆಲೆಗೊಳಿಸಿರುವ ಬೇರೆ ಪ್ರತಿಕಾಯಗಳು ಅವನ್ನು ತಡೆದು ನಿಲ್ಲಿಸಿದಾಗ ಗೆರೆ ಕಾಣುತ್ತದೆ. ಇನ್ನೊಂದು ಗೆರೆಯು ಪಟ್ಟಿಯು ಸರಿಯಾಗಿ ಕೆಲಸ ಮಾಡಿತೆಂಬುದಕ್ಕೆ ಸಾಕ್ಷಿ.

ಕೋವಿಡ್ ರೋಗವನ್ನು ವೈದ್ಯನ ಚೀಟಿಯಿಲ್ಲದೆ ಮನೆಯಲ್ಲಿಯೇ ಪರೀಕ್ಷಿಸುವ ಸಾಧನಕ್ಕೆ ಅಮೆರಿಕವು 2020ರ ಡಿಸೆಂಬರಿನಲ್ಲಿ ಅನುಮತಿಯನ್ನಿತ್ತಿತು. ಇಂಗ್ಲೆಂಡಿನಲ್ಲಿ 2021ರ ಏಪ್ರಿಲಿನಿಂದ ಎಲ್ಲರಿಗೂ ವಾರಕ್ಕೆ ಎರಡು ಪರೀಕ್ಷೆಗಳು ಧರ್ಮಾರ್ಥವಾಗಿ ದೊರೆತವು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು 2021ರ ಮೇ 19ರಂದು ಪುಣೆಯ ಮೈಲ್ಯಾಬ್ ಕಂಪನಿಯ ಪಟ್ಟಿಗೆ ಸಮ್ಮತಿಯನ್ನು ನೀಡಿತು. ಲಕ್ಷಣವುಳ್ಳವರು ಮತ್ತು ರೋಗಿಯ ನಿಕಟ ಸಂಪರ್ಕದವರು ಮಾತ್ರ ಪರೀಕ್ಷಿಸಿಕೊಳ್ಳಬೇಕೆಂದೂ, ಪಟ್ಟಿಯ ಛಾಯಾಚಿತ್ರವನ್ನು ಮೊಬೈಲ್ ಫೋನಿನ ಮೂಲಕ ಕಳುಹಿಸಬೇಕೆಂದೂ, ಲಕ್ಷಣವಿದ್ದೂ ಗೆರೆ ಮೂಡದಿದ್ದರೆ ಪ್ರಯೋಗಶಾಲೆಯ ಪರೀಕ್ಷೆಗೆ ಹೋಗಬೇಕೆಂದೂ ಆಗ ಸೂಚಿಸಲಾಯಿತು.

ಕೊನೆಯ ಸೂಚನೆಗೆ ಬಲವಾದ ಕಾರಣವಿತ್ತು. ವೈರಸ್ಸಿನ ಪ್ರಮಾಣವು ಹೆಚ್ಚಾಗಿರುವಾಗ ಮಾತ್ರ ಪಟ್ಟಿಯಲ್ಲಿ ಗೆರೆ ಮೂಡುತ್ತದೆ. ಸೋಂಕು ಇನ್ನೂ ಎಳೆಯದಾಗಿರುವಾಗ ಮಾಡಿದ ಒಂದು ಪರೀಕ್ಷೆಯು ಸುಳ್ಳು ಧೈರ್ಯವನ್ನು ಕೊಡಬಲ್ಲದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರ ಆಗಸ್ಟಿನಲ್ಲಿ, ಗೆರೆ ಮೂಡದಿದ್ದಲ್ಲಿ 48 ಗಂಟೆಗಳ ಅಂತರದಿಂದ ಲಕ್ಷಣವುಳ್ಳವರು ಒಟ್ಟು ಎರಡು ಸಲವೂ ಲಕ್ಷಣವಿಲ್ಲದವರು ಮೂರು ಸಲವೂ ಪರೀಕ್ಷಿಸಿಕೊಳ್ಳಬೇಕೆಂದು ತಿಳಿಸಿತು. ಅರ್ಥಾತ್, ಪಟ್ಟಿಯು ಒಂದು ಕ್ಷಣದ ಸಾಕ್ಷಿ. ಅದನ್ನು ಸರಣಿಯಾಗಿ ಓದಬೇಕೇ ಹೊರತು ತೀರ್ಪಾಗಿ ಓದಬಾರದು.

4. ಒಂದೇ ವರ್ಷ, ಮೂರು ಲೆಕ್ಕಗಳು

ಇಲ್ಲಿ ಚರಿತ್ರಕಾರನು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. 2020ರಲ್ಲಿ ಪ್ರಕಟವಾದ ಮೂರು ಸಂಶೋಧನೆಗಳು ಕೋವಿಡ್ ಸೋಂಕು ಮನೆಯೊಳಗೆ ಎಷ್ಟು ಹರಡುತ್ತದೆಂಬ ಪ್ರಶ್ನೆಗೆ ಮೂರು ಉತ್ತರಗಳನ್ನು ಕೊಟ್ಟವು. ತಮಿಳುನಾಡು ಮತ್ತು ಆಂಧ್ರಪ್ರದೇಶಗಳಲ್ಲಿ 84,965 ರೋಗಿಗಳ ಸಂಪರ್ಕಕ್ಕೆ ಬಂದ 5,75,071 ಜನರ ದಾಖಲೆಗಳನ್ನು ಪರಿಶೀಲಿಸಿದ ಅಭ್ಯಾಸದಲ್ಲಿ ಮನೆಯವರಿಗೆ ತಗಲಿದ ಪ್ರಮಾಣ ನೂರಕ್ಕೆ 9. ನಾನಾ ದೇಶಗಳ 54 ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕದಲ್ಲಿ ಅದು 16.6. ಅಮೆರಿಕದ ನ್ಯಾಶ್‌ವಿಲ್ ಮತ್ತು ಮಾರ್ಷ್‌ಫೀಲ್ಡ್‌ಗಳಲ್ಲಿ ನಡೆದ ಅಭ್ಯಾಸದಲ್ಲಿ 53.

ಒಂದೇ ವೈರಸ್ಸು ಒಂದೇ ವರ್ಷದಲ್ಲಿ ಇಷ್ಟು ಭಿನ್ನವಾಗಿ ವರ್ತಿಸಿತೆ? ಕುಟುಂಬಗಳ ರಚನೆ, ವಯಸ್ಸು, ವಾಸದ ಸ್ಥಿತಿ, ಆರಿಸಿಕೊಂಡ ಕ್ರಮ ಇವುಗಳಲ್ಲಿ ವ್ಯತ್ಯಾಸವಿದ್ದುದು ನಿಜ. ಆದರೆ ನೋಡಿದ ಬಗೆಯಲ್ಲಿದ್ದ ವ್ಯತ್ಯಾಸವೂ ಅಲ್ಪವಲ್ಲ. ಸಂಪರ್ಕ ಪತ್ತೆಯ ದಾಖಲೆಗಳು ಆಡಳಿತದ ಒತ್ತಡದ ನಡುವೆ, ಲಕ್ಷಾಂತರ ಜನರ ಬೆನ್ನುಹತ್ತಿ ಸಿದ್ಧವಾದವು. ನ್ಯಾಶ್‌ವಿಲ್ ಅಭ್ಯಾಸದಲ್ಲಿಯಾದರೋ 191 ಮಂದಿ ಮನೆಯವರು ಹದಿನಾಲ್ಕು ದಿನ ದಿನಕ್ಕೊಮ್ಮೆ ತಮ್ಮ ಮೂಗಿನ ಅಥವಾ ಜೊಲ್ಲಿನ ಮಾದರಿಯನ್ನು ತಾವೇ ತೆಗೆದುಕೊಟ್ಟರು. ಹಾಗೆ ಪತ್ತೆಯಾದ ಸೋಂಕುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು, ಮೊದಲ ರೋಗಿಗೆ ಲಕ್ಷಣ ಕಂಡ ಐದು ದಿನಗಳೊಳಗೇ ಗೊತ್ತಾದವು. ಪದೇ ಪದೇ ನೋಡಿದಲ್ಲಿ ಹೆಚ್ಚು ಕಂಡಿತು. ಸೋಂಕಿನ ಅಂಕಿಯು ವೈರಸ್ಸಿನ ಗುಣವನ್ನು ಹೇಳುವಂತೆಯೇ ಅದನ್ನು ನೋಡಿದ ಕಣ್ಣಿನ ಗುಣವನ್ನೂ ಹೇಳುತ್ತದೆ. ಪಾನುಮನ ದಡಾರಕ್ಕೂ ಕ್ಲೀವ್‌ಲೆಂಡಿನ ನೆಗಡಿಗೂ ಅನ್ವಯಿಸುವ ಈ ಮಾತನ್ನು ಮರೆತು ಒಂದು ಕಾಲದ ಅಂಕಿಯನ್ನು ಇನ್ನೊಂದು ಕಾಲದ ಅಂಕಿಯೊಡನೆ ಹೋಲಿಸುವುದು ಅಪಾಯಕರ.

5. ಬಾಗಿಲ ಹೊರಗೆ, ಬಾಗಿಲ ಒಳಗೆ

ನಮ್ಮ ದೇಶದಲ್ಲಿ ಮನೆಯೊಳಗಿನ ರೋಗವನ್ನು ನೋಡುವ ಅಧಿಕಾರದ ಪ್ರಶ್ನೆಯು ಕಹಿಯಾದ ನೆನಪುಗಳಿಂದ ಕೂಡಿದೆ. ಪ್ಲೇಗು ಶ್ವಾಸಾಂಗದ ವೈರಸ್ ರೋಗವಲ್ಲ. ಆದರೂ ಅಧಿಕಾರಿಗಳು ಮನೆಯನ್ನು ಹೊಕ್ಕ ಚರಿತ್ರೆಯನ್ನು ಅದನ್ನು ಬಿಟ್ಟು ಹೇಳಲಾಗದು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಜಾರಿಗೆ ಬಂದ ವರ್ಷವೇ ಪುಣೆಯಲ್ಲಿ ಸೈನಿಕರು ಮನೆಗಳನ್ನು ಶೋಧಿಸಿದರು. ಅಂತಃಪುರ, ದೇವರಮನೆ, ಅಡಿಗೆಮನೆಗಳೆಂಬ ಭೇದವನ್ನು ನೋಡದ ಈ ಶೋಧನೆಯಿಂದ ಕೆರಳಿದ ರೋಷದಲ್ಲಿ, ಪ್ಲೇಗ್ ಸಮಿತಿಯ ಅಧ್ಯಕ್ಷನಾಗಿದ್ದ ರ‍್ಯಾಂಡ್ ಎಂಬ ಅಧಿಕಾರಿಯು 1897ರ ಜೂನ್ 22ರಂದು ಚಾಪೇಕರ ಸಹೋದರರ ಗುಂಡಿಗೆ ಗುರಿಯಾದನು. ರೋಗಿಯನ್ನು ಬಚ್ಚಿಡುವುದು ಆ ಕಾಲದ ಸಾಮಾನ್ಯ ಪ್ರತಿಕ್ರಿಯೆಯಾಗಿತ್ತು. ಬಚ್ಚಿಟ್ಟ ರೋಗಿಯು ಲೆಕ್ಕಕ್ಕೂ ಸಿಗನು, ಚಿಕಿತ್ಸೆಗೂ ಸಿಗನು.

ಕೋವಿಡ್ಡಿನಿಂದ ಭಾರತದಲ್ಲಿ ಸಂಭವಿಸಿದುದೆಂದು ದೃಢಪಟ್ಟ ಮೊದಲ ಮರಣವು 2020ರ ಮಾರ್ಚಿಯಲ್ಲಿ ಕಲಬುರಗಿಯಲ್ಲಿ ಆಯಿತು. ಅದೇ ತಿಂಗಳು ಕರ್ನಾಟಕ ಸರ್ಕಾರವು 1897ರ ಆ ಹಳೆಯ ಕಾಯಿದೆಯ ಆಧಾರದ ಮೇಲೆ ನಿಯಮಗಳನ್ನು ಹೊರಡಿಸಿತು. ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ಕೈಗೆ ಮುದ್ರೆ ಒತ್ತಲಾಯಿತು. ಬಾಗಿಲಿಗೆ ಭಿತ್ತಿಪತ್ರವನ್ನು ಅಂಟಿಸಲಾಯಿತು. ಹಗಲಿನಲ್ಲಿ ಗಂಟೆಗೊಮ್ಮೆ ತಮ್ಮ ಭಾವಚಿತ್ರವನ್ನು ಮೊಬೈಲ್ ಫೋನಿನಿಂದ ಕಳುಹಿಸಬೇಕೆಂದು ಆಜ್ಞೆಯಾಯಿತು. ಸಕ್ಷಮ ಪ್ರಾಧಿಕಾರದ ನಿರ್ದೇಶವಿಲ್ಲದೆ ಬಾಗಿಲಿಗೆ ಇಂಥ ಪತ್ರಗಳನ್ನು ಅಂಟಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರಿನಲ್ಲಿ ಹೇಳಿತು. ಇದಾದ ಐದೇ ತಿಂಗಳಲ್ಲಿ ಪಟ್ಟಿಯು ಮನೆಯೊಳಕ್ಕೆ ಬಂದಿತು. ಬಾಗಿಲ ಹೊರಗೆ ನಿಂತು ನೋಡುತ್ತಿದ್ದ ಕಣ್ಣು ಬಾಗಿಲ ಒಳಗಿನವರದೇ ಆಯಿತು.

ಇದರಿಂದ ಲಾಭವಾದುದು ನಿಸ್ಸಂದೇಹ. ವೃದ್ಧರಿರುವ ಮನೆಯಲ್ಲಿ ಐದು ದಿನಗಳ ಅವಧಿಯಲ್ಲಿ ಮೊದಲ ದಿನವೇ ತಿಳಿಯುವುದಕ್ಕೂ ನಾಲ್ಕನೆಯ ದಿನ ತಿಳಿಯುವುದಕ್ಕೂ ಇರುವ ಭೇದವು ಜೀವ ಮರಣಗಳ ಭೇದವಾಗಬಹುದು. ಅಲ್ಲದೆ, ಶಿಕ್ಷೆಯ ಭಯವಿಲ್ಲದೆ ತಿಳಿಯುವ ಅವಕಾಶವಿದ್ದಲ್ಲಿ ಬಚ್ಚಿಡುವ ಕಾರಣವೂ ಕಡಮೆಯಾಗುತ್ತದೆ. ಆದರೆ ಎರಡು ಕೊರತೆಗಳನ್ನು ಹೇಳಲೇಬೇಕು.

ಮೊದಲನೆಯದು, ತಿಳಿದುದರಿಂದ ಮಾಡಬೇಕಾದುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಗೆರೆ ಮೂಡಿದ ಮೇಲೆ ರೋಗಿಯು ಬೇರೆ ಕೋಣೆಯಲ್ಲಿರಬೇಕು, ಕಿಟಕಿಗಳು ತೆರೆದಿರಬೇಕು, ಕೆಲಸಕ್ಕೆ ಹೋಗದಿದ್ದರೂ ಒಲೆ ಉರಿಯಬೇಕು. ಒಂದೇ ಕೋಣೆಯ ಮನೆಗೆ ಪಟ್ಟಿಯು ಸುದ್ದಿಯನ್ನು ಕೊಡುವುದೇ ಹೊರತು ಕೋಣೆಯನ್ನು ಕೊಡುವುದಿಲ್ಲ. 2021ರಲ್ಲಿ ಒಂದು ಪಟ್ಟಿಗೆ 250 ರೂಪಾಯಿ ಬೆಲೆ. ಐದು ಜನರಿರುವ ಮನೆಯು ಎರಡೆರಡು ಸಲ ಪರೀಕ್ಷಿಸಿಕೊಂಡರೆ 2,500 ರೂಪಾಯಿ. ಸೈಡನ್‌ಸ್ಟ್ರಿಕರ್ 1931ರಲ್ಲಿ ತೋರಿಸಿದ ಬಡತನದ ರೇಖೆಯನ್ನು ಸಾಧನವೊಂದೇ ಅಳಿಸಲಾರದು.

ಎರಡನೆಯದು ಚರಿತ್ರೆಗೆ ಸಂಬಂಧಪಟ್ಟದ್ದು. ಫ್ರಾಸ್ಟನ ಎಣಿಕೆದಾರರು ಬರೆದುಕೊಂಡದ್ದು ಉಳಿಯಿತು. ಕ್ಲೀವ್‌ಲೆಂಡಿನ ತಾಯಂದಿರ ಹಾಳೆಗಳು ಗ್ರಂಥವಾದವು. ಮನೆಯಲ್ಲಿ ಮಾಡಿಕೊಂಡ ಪರೀಕ್ಷೆಯ ಪಟ್ಟಿಯಾದರೋ ಕಸದ ಬುಟ್ಟಿಗೆ ಹೋಯಿತು. ಫಲಿತಾಂಶವನ್ನು ತಿಳಿಸಬೇಕೆಂಬ ಸೂಚನೆಯಿದ್ದರೂ ತಿಳಿಸುವುದು ಮನೆಯವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಇಂಗ್ಲೆಂಡಿನಲ್ಲಿಯೂ 2022ರ ಏಪ್ರಿಲ್ 1ರಿಂದ ಬಹುಪಾಲು ಜನರಿಗೆ ಧರ್ಮಾರ್ಥ ಪರೀಕ್ಷೆಗಳು ನಿಂತುಹೋದವು. ಮನೆಗೆ ಅತ್ಯಂತ ಹತ್ತಿರದಿಂದ, ಅತ್ಯಂತ ಬೇಗನೆ ದೊರೆತ ಜ್ಞಾನವೇ ಸಾರ್ವಜನಿಕ ದಾಖಲೆಯಿಂದ ಅತ್ಯಂತ ದೂರ ಉಳಿಯಿತು. ನೂರೆಂಬತ್ತು ವರ್ಷಗಳ ಈ ಚರಿತ್ರೆಯಲ್ಲಿ ಮನೆಯನ್ನು ಹೊರಗಿನವರು ನೋಡಿದಾಗ ಲೆಕ್ಕ ಉಳಿಯಿತು, ಮನೆಯವರಿಗೆ ಪ್ರಯೋಜನ ಅಲ್ಪವಾಯಿತು. ಮನೆಯವರೇ ನೋಡಿಕೊಂಡಾಗ ಪ್ರಯೋಜನವಾಯಿತು, ಲೆಕ್ಕ ಅಳಿಯಿತು. ಇವೆರಡನ್ನೂ ಬಲಾತ್ಕಾರವಿಲ್ಲದೆ ಕೂಡಿಸುವ ಬಗೆಯೇ ಮುಂದಿನ ಸಮಸ್ಯೆ.

ಈ ದಿಸೆಯಲ್ಲಿ ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸವೊಂದಿದೆ. 2020ರಿಂದ 2022ರವರೆಗಿನ ವರ್ಷಗಳಲ್ಲಿ ಯಾರು ಮೊದಲು ಕೆಮ್ಮಿದರು, ಯಾರು ಹೊರಗಿನ ಜಗಲಿಯಲ್ಲಿ ಮಲಗಿದರು, ಗಂಜಿಯನ್ನು ಬಾಗಿಲಲ್ಲಿ ಇಟ್ಟುಹೋದವರು ಯಾರು ಎಂಬ ನೆನಪು ನಮ್ಮ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಮನೆಯವರ ಸಮ್ಮತಿಯನ್ನು ಪಡೆದು, ಹೆಸರುಗಳನ್ನು ಬಿಟ್ಟು, ಆ ನೆನಪುಗಳನ್ನೂ ಉಳಿದಿರುವ ಚೀಟಿ, ದಿನಚರಿ, ಸಂದೇಶಗಳನ್ನೂ ಸಂಗ್ರಹಿಸಿಡಬೇಕು. ಪಾನುಮನಿಗೆ ಅರುವತ್ತೈದು ವರ್ಷಗಳ ಹಿಂದಿನ ದಡಾರವನ್ನು ನೆನಪಿಟ್ಟಿದ್ದ ಮುದುಕರು ದೊರೆತರು. ನಮ್ಮ ಮುಂದಿನವರಿಗೆ ಅಂಥವರು ದೊರೆಯುವರೆಂಬ ಭರವಸೆಯ ಮೇಲೆ ಈ ಕೆಲಸವನ್ನು ಮುಂದೂಡುವುದು ಸರಿಯಲ್ಲ.